ಪ್ರಕರಣ: ಮೂತ್ರದಲ್ಲಿ ನೈಟ್ರೈಟ್, ಬೋರ್‌ವೆಲ್ಲಿನಲ್ಲಿ ನೈಟ್ರೇಟ್, ಏರಿದ ಪಿಎಸ್‌ಎ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕೋಲಾರದ ಕಡೆಯ ರೈತರು. ವಯಸ್ಸು 62, ತೂಕ 62 ಕಿಲೋ. ಟೊಮೇಟೊ, ಹಿಪ್ಪುನೇರಳೆ ಬೆಳೆಯುತ್ತಾರೆ. ಮಗನ ಜೊತೆ ಬಂದಾಗ ಕೈಯಲ್ಲಿ ಮೂರು ಕಾಗದಗಳಿದ್ದವು. ಮೂತ್ರದ ರಿಪೋರ್ಟಿನಲ್ಲಿ ‘ನೈಟ್ರೈಟ್: ಪಾಸಿಟಿವ್’, ರಕ್ತದ ರಿಪೋರ್ಟಿನಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ತಯಾರಿಸುವ, ಕ್ಯಾನ್ಸರಿನಲ್ಲೂ ಏರುವ ಪ್ರೋಟೀನಾದ ಪಿಎಸ್‌ಎ 8.2, ಮನೆಯ ಬೋರ್‌ವೆಲ್ ನೀರಿನ ರಿಪೋರ್ಟಿನಲ್ಲಿ ನೈಟ್ರೇಟ್ ಲೀಟರಿಗೆ 92 ಮಿಲಿಗ್ರಾಂ. ಮೂರನ್ನೂ ಅವರೇ ಜೋಡಿಸಿಕೊಂಡಿದ್ದರು: “ಬೋರ್ ನೀರಿನ ವಿಷ ಮೂತ್ರಕ್ಕೂ ಬಂತು, ಪ್ರಾಸ್ಟೇಟಿಗೂ ಇಳೀತು. ಕ್ಯಾನ್ಸರೇ ತಾನೆ?” ಮಗ ಸೇರಿಸಿದರು: “ಸೊಪ್ಪಲ್ಲೂ ನೈಟ್ರೇಟ್ ಇದೆ ಅಂತ ಯಾರೋ ಹೇಳಿದ್ರಂತೆ. ನಮ್ಮಪ್ಪ ಬಸ್ಸಾರು ಮುಟ್ಟಿ ತಿಂಗಳಾಯ್ತು.”

ಮೊದಲು ಮಾಡಿದ ಕೆಲಸ ಈ ಮೂರನ್ನೂ ಬಿಡಿಸಿಟ್ಟಿದ್ದು.

ನೈಟ್ರೇಟ್ ಎಂದರೆ ಗೊಬ್ಬರ, ನೀರು, ಸೊಪ್ಪಿನಲ್ಲಿರುವ ಸಾರಜನಕದ ಲವಣ; ಅದು ಎಲ್ಲರ ಮೂತ್ರದಲ್ಲೂ ಇರುತ್ತದೆ. ತಿಂದದ್ದು, ಕುಡಿದದ್ದರಲ್ಲಿ ಸುಮಾರು ಮೂರನೇ ಎರಡು ಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಬೀಳುತ್ತದೆ. ದೇಹವೂ ತಾನಾಗಿ ಒಂದಿಷ್ಟು ತಯಾರಿಸುತ್ತದೆ. ನೈಟ್ರೈಟ್ ಹಾಗಲ್ಲ, ಆರೋಗ್ಯವಂತರ ಮೂತ್ರದಲ್ಲಿ ಕಾಗದದ ಪಟ್ಟಿ ಅದ್ದಿ ನೋಡುವ ಪರೀಕ್ಷೆಯಲ್ಲಿ ಅದು ಕಾಣಬಾರದು. ಇ. ಕೋಲಿಯಂಥ ಬ್ಯಾಕ್ಟೀರಿಯಾಗಳು ಮೂತ್ರಕೋಶದಲ್ಲಿ ನಾಲ್ಕು ಗಂಟೆಯಷ್ಟು ಹೊತ್ತು ಸಿಕ್ಕರೆ ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಹಾಗಾಗಿ ಆ ‘ಪಾಸಿಟಿವ್’ ಹೇಳುತ್ತಿದ್ದದ್ದು ನೀರಿನ ಬಗ್ಗೆ ಅಲ್ಲ, ಸೋಂಕಿನ ಬಗ್ಗೆ. ಸೋಂಕು ಪಿಎಸ್‌ಎಯನ್ನೂ ಏರಿಸುತ್ತದೆ. ಕೇಳಿದಾಗ ಉರಿಮೂತ್ರ, ಚಳಿಜ್ವರ, ರಾತ್ರಿ ನಾಲ್ಕೈದು ಸಲ ಏಳುವುದು ಎಲ್ಲ ಹೊರಬಂತು. ಆ ಜ್ವರದ ವಾರದಲ್ಲೇ ಪಿಎಸ್‌ಎಗೆ ರಕ್ತ ಕೊಟ್ಟಿದ್ದರು.

ಈ ಪಟ್ಟಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಮೂತ್ರವನ್ನು ಡಬ್ಬಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಅಲ್ಲೇ ಬ್ಯಾಕ್ಟೀರಿಯಾ ಬೆಳೆದು ಸುಳ್ಳು ಪಾಸಿಟಿವ್ ಬರುತ್ತದೆ. ವಿಟಮಿನ್ ಸಿ ಮಾತ್ರೆ ನುಂಗಿದ್ದರೆ, ಆಗಾಗ ಮೂತ್ರಕ್ಕೆ ಹೋಗುತ್ತಿದ್ದರೆ, ಅಥವಾ ಸೋಂಕಿನ ಬ್ಯಾಕ್ಟೀರಿಯಾ ಎಂಟೆರೊಕಾಕಸ್ ಆಗಿದ್ದರೆ ಸೋಂಕಿದ್ದೂ ನೆಗೆಟಿವ್ ಬರಬಹುದು. ಅದಕ್ಕೇ ಮಾತ್ರೆ ಶುರುಮಾಡುವ ಮುಂಚೆ ಕಲ್ಚರ್‌ಗೆ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕೊಡಲು ಹೇಳಿದೆವು: ಜನನಾಂಗ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಸ್ಟೆರೈಲ್ ಡಬ್ಬಿಗೆ ಹಿಡಿದು, ಒಂದು ಗಂಟೆಯೊಳಗೆ ಲ್ಯಾಬಿಗೆ. ತಡವಾದರೆ ಫ್ರಿಜ್ಜಿನಲ್ಲಿ. ಇ. ಕೋಲಿ ಬೆಳೆಯಿತು. ಸ್ಕ್ಯಾನಿಂಗಿನಲ್ಲಿ ಪ್ರಾಸ್ಟೇಟ್ 42 ಗ್ರಾಂ, ಮೂತ್ರ ಮಾಡಿದ ಮೇಲೂ 110 ಮಿಲಿ ಉಳಿಕೆ. ಪೂರ್ತಿ ಖಾಲಿಯಾಗದೆ ನಿಂತ ಮೂತ್ರದಲ್ಲೇ ಸೋಂಕು ಬೇರೂರುವುದು. ಯುರಾಲಜಿಸ್ಟ್ ಆ್ಯಂಟಿಬಯಾಟಿಕ್ ಬರೆದರು. ಜ್ವರ ಬಿಟ್ಟ ಮೂರನೇ ದಿನಕ್ಕೇ ಮಾತ್ರೆ ಬಿಡುವವರು ಬಹಳ. ಪ್ರಾಸ್ಟೇಟಿಗೇ ಸೋಂಕು ತಾಗಿದ್ದರೆ 2ರಿಂದ 4 ವಾರ ಬೇಕಾಗುತ್ತದೆಂದು ಮಗನಿಗೂ ಒತ್ತಿ ಹೇಳಿದೆವು.

ಮರುಪರೀಕ್ಷೆಗೆ ಅವಸರಪಡಬೇಡಿ ಎಂದೆವು. ಕೋರ್ಸ್ ಮುಗಿದು 6–8 ವಾರ ಕಳೆಯಲಿ, ಅದೇ ಲ್ಯಾಬಿನಲ್ಲೇ ಆಗಲಿ, ಹಿಂದಿನ ಎರಡು ದಿನ ಸಂಭೋಗವಾಗಲಿ ಉದ್ದದ ಸೈಕಲ್ ಸವಾರಿಯಾಗಲಿ ಬೇಡ. ಪ್ರಾಸ್ಟೇಟ್ ಊತಕ್ಕೆ ಕೊಡುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು; ಆರು ತಿಂಗಳು, ವರ್ಷ ನುಂಗಿದವರಲ್ಲಿ ಪಿಎಸ್‌ಎ ಅರ್ಧಕ್ಕೆ ಇಳಿದು ತೋರುತ್ತದೆ. ಎಂಟು ವಾರದ ಮೇಲೆ ಇವರದು 3.4 ಬಂತು. ಅರವತ್ತರ ದಶಕದವರಿಗೆ ಸಾಮಾನ್ಯವಾಗಿ ಹಿಡಿಯುವ ಮೇಲ್ಮಿತಿ 4.5. ಗ್ರಂಥಿಯ ಗಾತ್ರದಿಂದ ಭಾಗಿಸಿದರೆ 0.08, ಚಿಂತೆಯ ಗಡಿಯಾದ 0.15ಕ್ಕಿಂತ ಬಹಳ ಕೆಳಗೆ. 4ರಿಂದ 10ರ ನಡುವೆಯೇ ನಿಂತಿದ್ದರೆ ಫ್ರೀ ಪಿಎಸ್‌ಎ ಅನುಪಾತ (ರಕ್ತದ ಬೇರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಪಾಲು), ಎಂಆರ್‌ಐ, ಬೇಕಾದರೆ ಬಯಾಪ್ಸಿ ಎಂಬ ದಾರಿ ಹಿಡಿಯಬೇಕಿತ್ತು.

ಮಗ ಕೇಳಿದ ಪ್ರಶ್ನೆ: “ಮೂತ್ರದ ನೈಟ್ರೇಟನ್ನೇ ಅಳೆಸಿಬಿಟ್ಟರೆ?” ದುಡ್ಡು ದಂಡ. ಅಮೆರಿಕದ ರಾಷ್ಟ್ರೀಯ ಆರೋಗ್ಯ-ಪೋಷಣೆ ಸಮೀಕ್ಷೆಯಲ್ಲಿ ಮೂತ್ರದ ನೈಟ್ರೇಟ್ ಅಳೆದಿದ್ದಾರೆ, 2001ರಿಂದ 2010ರವರೆಗೆ 40 ದಾಟಿದ ಗಂಡಸರ ಪಿಎಸ್‌ಎಯನ್ನೂ ಅಳೆದರು; ಸಂಶೋಧಕರು ಎರಡನ್ನೂ ತಾಳೆ ನೋಡಬಹುದು. ಆದರೆ ಅದು ಒಂದೇ ಹೊತ್ತಿನ ಮೂತ್ರ, ಒಂದೇ ಸಲದ ರಕ್ತ. ನಿನ್ನೆ ರಾತ್ರಿ ಬೀಟ್‌ರೂಟ್ ಪಲ್ಯ ತಿಂದವರ ಅಂಕಿ ಇವತ್ತು ಜಿಗಿಯುತ್ತದೆ, ನಾಳೆ ಇಳಿಯುತ್ತದೆ. ಯಾವುದು ಯಾವುದಕ್ಕೆ ಕಾರಣವೆಂದು ಅಂಥ ಅಂಕಿ ಹೇಳಲಾರದು. ಒಬ್ಬ ವ್ಯಕ್ತಿಯ ಪ್ರಾಸ್ಟೇಟಿನ ಗತಿಯನ್ನು ಅದರಿಂದ ತೀರ್ಮಾನಿಸುವ ಗಡಿರೇಖೆ ಯಾವ ವೈದ್ಯರ ಬಳಿಯೂ ಇಲ್ಲ.

ನೀರಿನ ವಿಷಯ ಮಾತ್ರ ನಿಜಕ್ಕೂ ಗಂಭೀರ. ಭಾರತೀಯ ಮಾನಕ ಐಎಸ್ 10500ರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಅದಕ್ಕೆ ಸಡಿಲಿಕೆಯಿಲ್ಲ. ಇವರು ದಿನಕ್ಕೆ 3 ಲೀಟರ್ ಕುಡಿಯುತ್ತಿದ್ದರು: 276 ಮಿಲಿಗ್ರಾಂ. ಕಿಲೋ ತೂಕಕ್ಕೆ 3.7 ಮಿಲಿಗ್ರಾಂ ಎಂಬ ದಿನದ ಮಿತಿಯಂತೆ ಇವರಿಗೆ 229, ನೀರೊಂದರಲ್ಲೇ ದಾಟಿತು. ಸ್ಪೇನಿನಲ್ಲಿ 697 ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳನ್ನು ಒಳಗೊಂಡು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುಡಿಯುವ ನೀರಿನ ನೈಟ್ರೇಟಿಗೂ ಈ ಕ್ಯಾನ್ಸರಿಗೂ, ಅದರಲ್ಲೂ ಅದರ ಉಗ್ರ ಬಗೆಯದಕ್ಕೂ, ನಂಟು ಕಂಡಿತು. ನಾರು, ಹಣ್ಣು-ತರಕಾರಿ, ವಿಟಮಿನ್ ಸಿ ಚೆನ್ನಾಗಿ ತಿಂದವರಲ್ಲಿ ಆ ನಂಟು ತೀರ ಕಡಿಮೆ. ನುಂಗಿದ ನೈಟ್ರೇಟಿನ ಒಂದಿಷ್ಟು ಪಾಲು ದೇಹದಲ್ಲಿ ನೈಟ್ರೈಟಾಗುತ್ತದೆ; ಅದು ಹೊಟ್ಟೆಯಲ್ಲಿ ಕ್ಯಾನ್ಸರ್ ತರಬಲ್ಲ ನೈಟ್ರೊಸಮೀನ್ ಆಗುವುದನ್ನು ವಿಟಮಿನ್ ಸಿ ತಡೆಯುತ್ತದೆ. ಎಂದರೆ ಇವರು ಕೆಟ್ಟ ನೀರು ಉಳಿಸಿಕೊಂಡು, ಕಾಪಾಡುವ ಸೊಪ್ಪನ್ನು ಬಿಟ್ಟಿದ್ದರು. ದಂಟು, ಪಾಲಕ್, ಮೂಲಂಗಿ ಎಲ್ಲ ಮೊದಲಿನಂತೆ ಉಣ್ಣಲಿ, ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಲಿ.

ನೀರನ್ನು ಕುದಿಸುತ್ತಿದ್ದರು. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಇದ್ದಿಲು, ಯುವಿ ಯಾವುದೂ ತೆಗೆಯುವುದಿಲ್ಲ. ಆರ್‌ಒ ತೆಗೆಯುತ್ತದೆ, ಆದರೆ ಬಹಳಷ್ಟು ಮನೆ ಯಂತ್ರಗಳಲ್ಲಿ ರುಚಿಗೆಂದು ಕಚ್ಚಾ ನೀರು ಬೆರೆಸುವ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚಿಸಬೇಕು. ಟಿಡಿಎಸ್ ಮೀಟರ್ ನೈಟ್ರೇಟ್ ತೋರಿಸುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ತರುವುದಾದರೂ ಅದರ ನೈಟ್ರೇಟ್ ಅಳೆಸಿ ಎಂದೆವು. ಮಾದರಿ ಹಿಡಿಯುವಾಗ ಐದು ನಿಮಿಷ ನೀರು ಹರಿಯಬಿಟ್ಟು, ಶುದ್ಧ ಅರ್ಧ ಲೀಟರ್ ಬಾಟಲಿಗೆ ತುಂಬಿ, ತಣ್ಣಗಿಟ್ಟು 48 ಗಂಟೆಯೊಳಗೆ ತಲುಪಿಸಬೇಕು. ರಿಪೋರ್ಟಿನಲ್ಲಿ ‘ನೈಟ್ರೇಟ್’ ಎಂದಿದೆಯೋ ‘ನೈಟ್ರೇಟ್ ಸಾರಜನಕ’ ಎಂದಿದೆಯೋ ನೋಡಿ: ಎರಡನೆಯದರಲ್ಲಿ 10 ಎಂದರೇ ಸುಮಾರು 45.

ಬೋರ್‌ವೆಲ್ಲಿಗೆ ಮೂವತ್ತಡಿಯಲ್ಲೇ ತಿಪ್ಪೆ ಇತ್ತು. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳದೆ ಮಳೆನೀರಿನೊಡನೆ ಕೆಳಗಿಳಿಯುತ್ತದೆ. ತಿಪ್ಪೆಯನ್ನು ಇಳಿಜಾರಿನ ಆಚೆಗೆ ಸಾಗಿಸಲು, ಯೂರಿಯಾವನ್ನು ಒಂದೇ ಸಲ ಸುರಿಯದೆ ಕಂತುಗಳಲ್ಲಿ ಕೊಡಲು ಹೇಳಿದೆವು. ಮನೆಯಲ್ಲಿ ನಾಲ್ಕು ತಿಂಗಳ ಮೊಮ್ಮಗು ಬಾಟಲಿ ಹಾಲು ಕುಡಿಯುತ್ತಿರುವುದು ಆಮೇಲೆ ತಿಳಿಯಿತು. ಆ ಪುಡಿಯನ್ನು ಇದೇ ನೀರನ್ನು ಕುದಿಸಿ ಕಲಸುತ್ತಿದ್ದರು. ಆರು ತಿಂಗಳೊಳಗಿನ ಕೂಸಿಗೆ ಇದು ಅಜ್ಜನಿಗಿಂತ ಹತ್ತಿರದ ಅಪಾಯ. ರಕ್ತ ಆಮ್ಲಜನಕ ಸಾಗಿಸಲಾರದೆ ತುಟಿ, ಉಗುರು ನೀಲಿಗಟ್ಟಬಹುದು. ಆ ಸಂಜೆಯಿಂದಲೇ ನೀರು ಬದಲಿಸಲು, ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಲು ತಿಳಿಸಿದೆವು.

ಹಿರಿಯರ ಮುಂದಿನ ಪಿಎಸ್‌ಎ ಆರು ತಿಂಗಳಿಗೆ. ಉಳಿಕೆ ಮೂತ್ರದ ಸ್ಕ್ಯಾನಿಂಗ್ ಮೂರು ತಿಂಗಳಿಗೆ.