ಆ ಗಂಡು ಮೀನು ಸಾಯುವುದಿಲ್ಲ

ನಮಸ್ಕಾರ. ಆಳ ಸಮುದ್ರದ ಆಂಗ್ಲರ್ ಮೀನಿನ ಗಂಡು ಹೆಣ್ಣಿಗೆ ಕಚ್ಚಿಕೊಂಡ ಮೇಲೆ ಸಾಯುತ್ತದಾ, ಅದರ ಬೆಳಕು ನಮ್ಮ ಮಿಂಚುಹುಳದ ಥರವೇನಾ ಅಂತ ಸೋಮವಾರಪೇಟೆಯಿಂದ ಮಗಳ ಪರವಾಗಿ ಕೇಳಿದ್ದೀರಿ.

ಸಾಯುವುದಿಲ್ಲ. ಕೆಲವು ಜಾತಿಗಳಲ್ಲಿ ಗಂಡಿನ ಬಾಯಿ ಹೆಣ್ಣಿನ ಚರ್ಮಕ್ಕೆ ಬೆಸೆದುಹೋಗುತ್ತದೆ. ರಕ್ತನಾಳಗಳೂ ಒಂದಾಗುತ್ತವೆ. ಆಮೇಲೆ ಅದಕ್ಕೆ ಊಟ ಹೆಣ್ಣಿನ ರಕ್ತದಿಂದಲೇ. ಹೆಣ್ಣು ಮೊಟ್ಟೆ ಬಿಡುವಾಗ ವೀರ್ಯ ಕೊಡುತ್ತಾ ಬದುಕಿರುತ್ತದೆ. ಮೊದಲು ನೋಡಿದವರು ಇದನ್ನು ಮರಿ ಅಂದುಕೊಂಡಿದ್ದರು. ಅದು ಗಂಡು ಅಂತ 1925ರಲ್ಲಿ ತೋರಿಸಿಕೊಟ್ಟವರು ಬ್ರಿಟನ್ನಿನ ಮೀನು ವಿಜ್ಞಾನಿ ಚಾರ್ಲ್ಸ್ ಟೇಟ್ ರೀಗನ್.

ನನಗೆ ತುಂಬಾ ಅಚ್ಚರಿ ಅನಿಸುವುದು ಬೇರೆ. ನಮ್ಮಲ್ಲಿ ಒಬ್ಬರ ಕಿಡ್ನಿ ಇನ್ನೊಬ್ಬರಿಗೆ ಹಾಕಿದರೆ, ಔಷಧಿ ಕೊಡದಿದ್ದರೆ ದೇಹ ಅದನ್ನು ತಳ್ಳಿಬಿಡುತ್ತದೆ, ಅಲ್ವಾ? ಈ ಮೀನುಗಳಲ್ಲಿ ಹಾಗೆ ತಳ್ಳುವ ವ್ಯವಸ್ಥೆಯ ಮುಖ್ಯ ಜೀನ್‌ಗಳೇ ಕಳೆದುಹೋಗಿವೆ ಅಂತ 2020ರಲ್ಲಿ ಗೊತ್ತಾಯಿತು. ಆದರೂ ರೋಗ ತಡೆದುಕೊಂಡು ಬದುಕುತ್ತವೆ!

ಬೆಳಕಿನ ವಿಷಯ. ಮಳೆಗಾಲಕ್ಕೆ ಮುಂಚೆ ನಮ್ಮ ಕಾಫಿ ತೋಟದಲ್ಲಿ ಮಿನುಗುವ ಹುಳ ತನ್ನ ಬೆಳಕನ್ನು ತಾನೇ ಮಾಡುತ್ತದೆ. ಹೆಚ್ಚಿನ ಆಂಗ್ಲರ್ ಮೀನುಗಳಲ್ಲಿ ತಲೆ ಮೇಲಿನ ಗಾಳದ ತುದಿಯಲ್ಲಿರುವ ಬ್ಯಾಕ್ಟೀರಿಯಾ ಹೊಳೆಯುತ್ತವೆ. ಗಾಳ ಇರುವುದು ಹೆಣ್ಣಿಗೆ ಮಾತ್ರ.

ಮಗಳಿಗೆ ಕಾಲೋಫ್ರೈನ್ ಜೋರ್ಡಾನಿ ಅನ್ನೋ ಅಪರೂಪದ ಜಾತಿಯ ವಿಡಿಯೋ ತೋರಿಸಿ. 2016ರಲ್ಲಿ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಹತ್ತಿರ, ಸುಮಾರು 800 ಮೀಟರ್ ಆಳದಲ್ಲಿ ತೆಗೆದದ್ದು. ಮೈತುಂಬ ಉದ್ದ ಎಳೆಗಳಿರುವ ಹೆಣ್ಣು, ಹೊಟ್ಟೆಯಡಿ ಪುಟ್ಟ ಗಂಡು, ಎರಡೂ ಸ್ಪಷ್ಟವಾಗಿ ಕಾಣುತ್ತವೆ.