ಮೂರೂವರೆಯ ಚಹಾ, ಗಂಡಸರ ಬಿಗುಮಾನ

ಓದುಗರ ಪತ್ರ: ಮಾನ್ಯ ಸಂಪಾದಕರೇ, ನ್ಯೂಯಾರ್ಕಿನಲ್ಲಿರುವ ಮಗಳ ಮನೆಗೆ ಹೋಗಿ ಹಿಂದಿರುಗುವಾಗ ಇಂಗ್ಲೆಂಡಿನ ಸೌತಾಂಪ್ಟನ್‌ವರೆಗೆ ಹಡಗಿನಲ್ಲಿ ಬರೋಣವೆಂದು ಏಳು ರಾತ್ರಿಗಳ ಪ್ರಯಾಣ ಕಾಯ್ದಿರಿಸಿದ್ದೇವೆ. ನಮ್ಮ ಮದುವೆಯಾಗಿ ಮೂವತ್ತು ವರ್ಷ ತುಂಬುವ ಸಂದರ್ಭ. ಹಡಗಿನಲ್ಲಿ ದಿನವೂ ಮಧ್ಯಾಹ್ನ ಮೂರೂವರೆಗೆ ಚಹಾಕೂಟ ಇರುತ್ತದಂತೆ. ನನಗೆ ಬಹಳ ಆಸೆ. ನಮ್ಮ ಯಜಮಾನರು ಮಾತ್ರ “ಅದೆಲ್ಲ ಹೆಂಗಸರ ವ್ಯವಹಾರ, ನೀನು ಹೋಗಿ ಬಾ, ನಾನು ಮಲಗಿರುತ್ತೇನೆ” ಎನ್ನುತ್ತಿದ್ದಾರೆ. ನಿಜಕ್ಕೂ ಗಂಡಸರಿಗೆ ಅದು ಹಿಡಿಸುವುದಿಲ್ಲವೇ? ಎಳೆದುಕೊಂಡು ಹೋಗಲೇ, ಬಿಟ್ಟುಬಿಡಲೇ? (ಹೆಸರು ಬೇಡ)

ಸಂಪಾದಕರ ಉತ್ತರ:

ಸಹೋದರಿ,

ಹಿಡಿಸುತ್ತದೆ. ಹಿಡಿಸಿತೆಂದು ಒಪ್ಪಿಕೊಳ್ಳುವುದು ಮಾತ್ರ ಹಿಡಿಸುವುದಿಲ್ಲ. ಉತ್ತರ ಇಷ್ಟೇ. ಆದರೆ ಎರಡು ಸಾಲು ಬರೆದು ಪುಟ ಖಾಲಿ ಬಿಟ್ಟರೆ ನಮ್ಮ ಉಪಸಂಪಾದಕರು ಸುಮ್ಮನಿರುವುದಿಲ್ಲ. ಅದೂ ಅಲ್ಲದೆ, ಈ ವಿಷಯದಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ ಬಾಕಿ ಇದೆ.

ಕೆಲವು ವರ್ಷಗಳ ಹಿಂದೆ ನಾನೂ ಹೆಂಡತಿಯೊಡನೆ ಇಂಥದೇ ಒಂದು ಹಡಗು ಹತ್ತಿದ್ದೆ. ಆಗ ನಾನು ನಿಮ್ಮ ಯಜಮಾನರ ಪಕ್ಷದವನೇ. ಹತ್ತು ನಿಮಿಷ ಕುಳಿತು ಎದ್ದುಬಿಡುತ್ತೇನೆ ಎಂಬ ಕರಾರಿನ ಮೇಲೆ ಮೊದಲ ದಿನ ಹೋದೆ. ಆರು ಜನರ ದುಂಡುಮೇಜು. ನನ್ನ ಎದುರಿಗೆ ಕುಳಿತಿದ್ದವನು ಬಾಗಿಲಷ್ಟು ಅಗಲದ ಆಸಾಮಿ. ಎರಡೂ ಮುಂಗೈಗಳ ಮೇಲೆ ಹಚ್ಚೆ, ಗೂಟದಂಥ ಬೆರಳುಗಳು. ಜೀವಮಾನವಿಡೀ ಲಾರಿ ಓಡಿಸಿ ನಿವೃತ್ತನಾದವನೆಂದು ಆಮೇಲೆ ತಿಳಿಯಿತು. ಬಿಳಿ ಕೈಗವಸು ತೊಟ್ಟ ಹುಡುಗ ತಟ್ಟೆ ಹಿಡಿದು ಬಂದಾಗ ಅವನು “ನನಗೆ ಬರೀ ಚಹಾ” ಎಂದು ಕೈಯಾಡಿಸಿಬಿಟ್ಟ. ಹಾಗೆ ಸೌತೆಕಾಯಿಯ ಸ್ಯಾಂಡ್‌ವಿಚ್ ಮುಂದಕ್ಕೆ ಹೋಯಿತು. ಎರಡನೆಯ ಸುತ್ತಿನಲ್ಲಿ ಮೊಟ್ಟೆಯದು ಬಂತು. ಹೆಂಡತಿಗೆ ಬೇಸರವಾಗಬಾರದು ಎಂಬ ಮುಖಭಾವದಲ್ಲಿ ಒಂದನ್ನು ಎತ್ತಿಕೊಂಡ. ಅಂಚು ಕತ್ತರಿಸಿದ, ಬೆರಳುದ್ದದ ತುಂಡು ಅವನ ಕೈಯಲ್ಲಿ ಕಾಣಿಸಲೇ ಇಲ್ಲ. ಬಿಸಿ ಸ್ಕೋನ್ (ಬನ್ನಿನಂಥ ಪುಟ್ಟ ತಿನಿಸು) ಬರುವ ಹೊತ್ತಿಗೆ ಅಡುಗೆಮನೆಯ ಬಾಗಿಲು ನೇರವಾಗಿ ಕಾಣುವಂತೆ ಕುರ್ಚಿಯನ್ನು ಮೆಲ್ಲನೆ ಓರೆ ಮಾಡಿಕೊಂಡಿದ್ದ.

ಮರುದಿನ ನಾವು ಮೂರೂ ಇಪ್ಪತ್ತಕ್ಕೇ ಹೋದೆವು. (ಹೌದು, ನಾನೇ ಹೊರಡಿಸಿದ್ದು.) ಅದೇ ಮೇಜಿನಲ್ಲಿ ಅವನು ಒಬ್ಬನೇ ಕುಳಿತಿದ್ದ. ಹೆಂಡತಿ ಎಲ್ಲಿ ಎಂದು ನನ್ನವಳು ವಿಚಾರಿಸಿದಳು. “ಅವಳಿಗೆ ತಲೆನೋವು, ಕೋಣೆಯಲ್ಲಿ ಮಲಗಿದ್ದಾಳೆ. ಇಬ್ಬರೂ ಬರದಿದ್ದರೆ ಬಡಿಸುವವರಿಗೆ ಬೇಜಾರಾಗುತ್ತದಲ್ಲ, ಅದಕ್ಕೇ ಬಂದೆ” ಎಂದ.

ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನಲ್ಲಿಲ್ಲ.

ಇನ್ನು “ಹೆಂಗಸರ ವ್ಯವಹಾರ” ಎಂಬ ಮಾತು. ಇಂಗ್ಲೆಂಡಿನಲ್ಲಿ ಚಹಾ ಮೊದಲು ಬೇರೂರಿದ್ದು ಗಂಡಸರ ನಡುವೆ. ಸ್ಯಾಮ್ಯುಯೆಲ್ ಪೀಪ್ಸ್ ಎಂಬ ನೌಕಾಪಡೆ ಕಚೇರಿಯ ಅಧಿಕಾರಿ 1660ರ ಸೆಪ್ಟೆಂಬರ್ 25ರಂದು ತನ್ನ ಬದುಕಿನ ಮೊದಲ ಬಟ್ಟಲು ಚಹಾ ಕುಡಿದು ಅದನ್ನು ದಿನಚರಿಯಲ್ಲಿ ಬರೆದಿಟ್ಟ. ಹಡಗಿನವರಿಗೂ ಚಹಾಕ್ಕೂ ನಂಟು ಅಷ್ಟು ಹಳೆಯದು. ಲಂಡನ್ನಿನ ಕಾಫಿ ಮನೆಗಳಲ್ಲಿ ಹರಟೆ, ವ್ಯಾಪಾರ, ರಾಜಕೀಯದ ನಡುವೆ ಚಹಾ ಹೀರುತ್ತಿದ್ದವರು ಗಂಡಸರು; ಮರ್ಯಾದಸ್ಥ ಮನೆತನದ ಹೆಂಗಸರು ಅಲ್ಲಿ ಕಾಲಿಡುತ್ತಿರಲಿಲ್ಲ. ಥಾಮಸ್ ಟ್ವೈನಿಂಗ್ ಎಂಬ ವ್ಯಾಪಾರಿ 1706ರಲ್ಲಿ ಕೊಂಡದ್ದೂ ಅಂಥದೊಂದು ಕಾಫಿ ಮನೆಯನ್ನೇ. ಮುಂದೆ 1717ರಲ್ಲಿ ಅವನು ಪಕ್ಕದಲ್ಲಿ ಚಹಾ ಎಲೆಯ ಅಂಗಡಿ ತೆರೆದಾಗ ಹೆಂಗಸರೂ ಬಂದು ಕೊಳ್ಳುವಂತಾಯಿತು.

ಮಧ್ಯಾಹ್ನದ ಚಹಾಕೂಟ ಶುರುವಾದದ್ದು ಇದಾಗಿ ನೂರಕ್ಕೂ ಹೆಚ್ಚು ವರ್ಷಗಳ ನಂತರ. 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನಾ, ಮಧ್ಯಾಹ್ನದ ತಿಂಡಿಗೂ ತಡರಾತ್ರಿಯ ಊಟಕ್ಕೂ ನಡುವೆ ಹಸಿವು ತಾಳಲಾರದೆ ಚಹಾ, ಬ್ರೆಡ್ಡು ತರಿಸಿಕೊಳ್ಳತೊಡಗಿದಳಂತೆ. ಆಮೇಲೆ ಗೆಳತಿಯರನ್ನೂ ಕರೆದಳಂತೆ. ಅದೇ 1840ರಲ್ಲಿ, ಹಡಗು ಕಂಪನಿ ಕಟ್ಟಿದ ಸ್ಯಾಮ್ಯುಯೆಲ್ ಕ್ಯುನಾರ್ಡನ ‘ಬ್ರಿಟಾನಿಯಾ’ ಹಡಗು ಲಿವರ್‌ಪೂಲಿನಿಂದ ಅಮೆರಿಕದ ಕಡೆಗೆ ಹೊರಟಿತು. ತಾಜಾ ಹಾಲಿಗೆಂದು ಹಡಗಿನಲ್ಲೇ ಒಂದು ಹಸುವನ್ನು ಕಟ್ಟಿದ್ದರು. ಬಿರುಗಾಳಿಯ ದಿನ ಆ ಹಸುವಿನ ಪಾಡೇನು, ಕರೆಯುವವನ ಪಾಡೇನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಗಂಡು ಹೆಣ್ಣಿನ ಗೆರೆ ಹಡಗುಗಳ ನಕ್ಷೆಯಲ್ಲೇ ಇತ್ತು. 1912ರ ಟೈಟಾನಿಕ್ಕನ್ನೇ ನೋಡಿ: ಮೊದಲ ದರ್ಜೆಯಲ್ಲಿ ಗಂಡಸರಿಗೆ ಧೂಮಪಾನದ ಕೋಣೆ, ಹೆಂಗಸರಿಗೆಂದು ಓದುವ ಬರೆಯುವ ಕೋಣೆ. ಒಂದು ಕಡೆ ಚುಟ್ಟಾ, ಇಸ್ಪೀಟು. ಇನ್ನೊಂದು ಕಡೆ ಪುಸ್ತಕ, ಕಾಗದ ಪತ್ರ. ಹೀಗೆ ಬೇರೆ ಬೇರೆ ಕೂರಿಸಿದ ಮೇಲೆ ನಾಜೂಕಿನದೆಲ್ಲ ಹೆಂಗಸರ ಖಾತೆಗೆ ಜಮೆಯಾದದ್ದು ಆಶ್ಚರ್ಯವಲ್ಲ. ಅದೇ ಹಡಗಿನ ಮೂರನೆಯ ದರ್ಜೆಯ ಕಥೆಯೇ ಬೇರೆ. ಮುಳುಗುವ ಹಿಂದಿನ ದಿನ, ಏಪ್ರಿಲ್ 14ರ ಊಟದ ಪಟ್ಟಿ ಉಳಿದುಬಂದಿದೆ. ಅದರಲ್ಲಿ ‘ಚಹಾ’ ಎಂಬ ತಲೆಬರಹದಡಿ ತಣ್ಣನೆಯ ಮಾಂಸ, ಚೀಸು, ಉಪ್ಪಿನಕಾಯಿ, ಬ್ರೆಡ್ಡು ಬೆಣ್ಣೆ, ಬೇಯಿಸಿದ ಅಂಜೂರ, ಅನ್ನ ಎಲ್ಲವೂ ಇವೆ. ದುಡಿಯುವ ಜನರಿಗೆ ಚಹಾ ಎಂದರೆ ಸಂಜೆಯ ಹೊಟ್ಟೆತುಂಬ ಊಟ. ‘ಹೈ ಟೀ’ ಎಂದರೆ ಅಸಲಿಗೆ ಇದೇ. ಈಗ ಕೆಲವರು ಹೆಸರು ಭಾರಿಯಾಗಿ ಕೇಳಿಸಲಿ ಎಂದು ಬೆರಳುದ್ದದ ಸ್ಯಾಂಡ್‌ವಿಚ್ಚಿಗೂ ‘ಹೈ ಟೀ’ ಎನ್ನುತ್ತಾರೆ. ಆ ಮೂರನೆಯ ದರ್ಜೆಯ ಗಂಡಸರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ನಿಮ್ಮ ಯಜಮಾನರು ಕ್ರಿಕೆಟ್ ನೋಡುವವರಾದರೆ ಒಂದು ಮಾತು ಕೇಳಿ ನೋಡಿ: ಟೆಸ್ಟ್ ಪಂದ್ಯ ಎಷ್ಟೇ ಬಿಗಿಯಾಗಿದ್ದರೂ ಬಿಳಿ ಬಟ್ಟೆಯ ಗಂಡಸರೆಲ್ಲ ಇಪ್ಪತ್ತು ನಿಮಿಷ ಆಟ ನಿಲ್ಲಿಸಿ ಹೋಗುವುದು ಯಾವುದಕ್ಕೆ? ಸೈನ್ಯದ ಕಥೆ ಬೇಕೆಂದರೆ ಅದೂ ಇದೆ. 1945ರಲ್ಲಿ ಬಂದ ಬ್ರಿಟಿಷರ ಸೆಂಚುರಿಯನ್ ಟ್ಯಾಂಕಿನೊಳಗೇ ನೀರು ಕಾಯಿಸುವ ಪಾತ್ರೆ ಕೂರಿಸಿದ್ದರು, ಸೈನಿಕರು ಚಹಾ ಮಾಡಲು ಹೊರಗಿಳಿಯಬೇಕಾಗದಿರಲಿ ಎಂದು. ಗುಂಡೇಟಿನ ನಡುವೆ ಕುಡಿದರೆ ಗಂಡಸುತನಕ್ಕೆ ಕುಂದಿಲ್ಲ, ಹಡಗಿನ ಚಹಾಕೂಟದ ಪಿಟೀಲಿನ ನಡುವೆ ಕುಡಿದರೆ ಕುಂದು, ಇದು ಯಾವ ಊರಿನ ನ್ಯಾಯವೋ ನನಗಂತೂ ಅರ್ಥವಾಗಿಲ್ಲ.

ಆದರೂ ನಿಮ್ಮ ಯಜಮಾನರ ಪರವಾಗಿ ಒಂದು ಮಾತು ಹೇಳಲೇಬೇಕು. ಅವರ ಅಳುಕು ಸುಳ್ಳಲ್ಲ, ಅದಕ್ಕೆ ಅವರು ಇಟ್ಟ ಹೆಸರು ಸುಳ್ಳು. ಚಹಾ ಯಾರಿಗೂ ಬೇಡವಾಗಿಲ್ಲ. ಒಂದು ಗಂಟೆ ಹೊತ್ತು ಅಪರಿಚಿತರ ಎದುರು, ಕೈಗೆ ಕೆಲಸವಿಲ್ಲದೆ, ಮಾತು ಹುಡುಕುತ್ತಾ ಕೂರಬೇಕಲ್ಲ, ಅದು ನಮ್ಮಂಥವರಿಗೆ ಕಷ್ಟ. ಹೆಂಗಸರು ಐದು ನಿಮಿಷದಲ್ಲಿ ಪಕ್ಕದವರ ಮೊಮ್ಮಕ್ಕಳ ಹೆಸರು ಕೇಳಿ ತಿಳಿದಿರುತ್ತಾರೆ. ನಾವು ಸಕ್ಕರೆಯ ಚಿಮಟ ನೋಡುತ್ತಾ ಕೂತಿರುತ್ತೇವೆ. ಅದರ ಮೇಲೆ ಆ ಬಟ್ಟಲಿನ ಹಿಡಿ. ಬೆರಳು ತೂರುವುದಿಲ್ಲ, ತೂರಿದರೆ ಹೊರಬರುವುದಿಲ್ಲ. ಇದಕ್ಕೊಂದು ಸಮಾಧಾನವಿದೆ: ಹಿಡಿಯೊಳಗೆ ಬೆರಳು ತೂರಿಸಬೇಕಾಗಿಯೇ ಇಲ್ಲ. ಹೆಬ್ಬೆರಳು, ತೋರುಬೆರಳುಗಳಿಂದ ಹಿಡಿಯನ್ನು ಹೊರಗಿನಿಂದ ಚಿವುಟಿ ಹಿಡಿಯುವುದೇ ಸರಿಯಾದ ರೀತಿ. ಕಿರುಬೆರಳು ಆಕಾಶ ನೋಡಬೇಕಾಗಿಲ್ಲ. ನಮ್ಮ ಲಾರಿಯಣ್ಣನಿಗೆ ಇದನ್ನು ಹೇಳಿಕೊಟ್ಟವನು ಕೈಗವಸಿನ ಆ ಹುಡುಗನೇ, ಅದೂ ಯಾರಿಗೂ ಕೇಳಿಸದಂತೆ ಬಗ್ಗಿ.

ಹಾಗಾಗಿ ಎಳೆದುಕೊಂಡು ಹೋಗಬೇಡಿ. ದಾರಿ ಸುಗಮ ಮಾಡಿ. ಹದಿನೈದು ನಿಮಿಷ ಮೊದಲೇ ಹೋದರೆ ಕಿಟಕಿಯ ಪಕ್ಕದ ಇಬ್ಬರ ಮೇಜು ಸಿಕ್ಕೀತು. ಅವರನ್ನು ಸಮುದ್ರ ಕಾಣುವ ಕಡೆಗೆ ಕೂರಿಸಿ. ನೋಡಲು ನೀರಿದ್ದರೆ ಗಂಡಸು ಮಾತಿಲ್ಲದೆ ಎಷ್ಟು ಹೊತ್ತು ಬೇಕಾದರೂ ಕೂರುತ್ತಾನೆ, ಯಾರೂ ಅದನ್ನು ಮೌನ ಎನ್ನುವುದಿಲ್ಲ. ಮಧ್ಯಾಹ್ನದ ಊಟ ಹಗುರವಾಗಿರಲಿ. ನೀವು ಪೂರ್ವಕ್ಕೆ ಬರುವವರಾದ್ದರಿಂದ ಇದು ಇನ್ನೂ ಮುಖ್ಯ. ನ್ಯೂಯಾರ್ಕಿಗೂ ಸೌತಾಂಪ್ಟನ್‌ಗೂ ಇರುವ ಐದು ಗಂಟೆಗಳ ವ್ಯತ್ಯಾಸವನ್ನು ದಿನಕ್ಕೊಂದು ಗಂಟೆಯಂತೆ ತುಂಬಿಸುತ್ತಾ ಬರುತ್ತಾರೆ. ಅದೇ ಕ್ಯುನಾರ್ಡ್ ಕಂಪನಿಯ ಈಗಿನ ‘ಕ್ವೀನ್ ಮೇರಿ 2’ ಹಡಗಿನಲ್ಲಾದರೆ ಅದನ್ನು ಮಾಡುವುದು ನಡುಮಧ್ಯಾಹ್ನ: ಹನ್ನೆರಡು ಹೊಡೆಯುವ ಹೊತ್ತಿಗೆ ಗಡಿಯಾರವನ್ನು ಒಂದಕ್ಕೆ ತಿರುಗಿಸುತ್ತಾರೆ. ಊಟ ಮುಗಿಸಿ ಕೈತೊಳೆಯುವಷ್ಟರಲ್ಲಿ ಚಹಾದ ಹೊತ್ತು ಬಂದಿರುತ್ತದೆ. ನಿಮ್ಮ ಯಜಮಾನರು ಮಲಗುತ್ತೇನೆ ಎಂದಿದ್ದಾರಲ್ಲ, ಆ ನಿದ್ದೆಯ ಗಂಟೆ ಇಲ್ಲಿಯೇ ಕಳೆದುಹೋಗುವುದು. ಮುಂಚಿತವಾಗಿ ಹೇಳಬೇಡಿ, ಹಡಗಿನವರೇ ಹೇಳಲಿ.

ಮಾತಿಗೆ ವಿಷಯ ಬೇಕಾದರೆ ಸ್ಕೋನ್ ಸಾಕು. ಅದನ್ನು ಅಡ್ಡಲಾಗಿ ಬಿಡಿಸಿ, ಸ್ಟ್ರಾಬೆರಿ ಜಾಮ್ ಮತ್ತು ಕ್ಲಾಟೆಡ್ ಕ್ರೀಮ್ ಹಚ್ಚುತ್ತಾರೆ. ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ತೆಗೆದ ಗಟ್ಟಿ ಕೆನೆ ಅದು, ಚಾಕುವಿನಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನ ಡೆವನ್ ಸೀಮೆಯವರು ಮೊದಲು ಕೆನೆ, ಮೇಲೆ ಜಾಮ್ ಎನ್ನುತ್ತಾರೆ. ಕಾರ್ನ್‌ವಾಲಿನವರು ಮೊದಲು ಜಾಮ್, ಮೇಲೆ ಕೆನೆ. ಎರಡು ಸೀಮೆಗಳ ನಡುವೆ ಈ ಜಗಳ ಇನ್ನೂ ಬಗೆಹರಿದಿಲ್ಲ. ವಾದ ಮಾಡಲು ಕಾರಣ ಸಿಕ್ಕರೆ ಯಾವ ಗಂಡಸೂ ಎದ್ದುಹೋಗುವುದಿಲ್ಲ. ನಾನು ಕಾರ್ನ್‌ವಾಲಿನ ಕಡೆ. ಕೆನೆ ಬಿಸಿ ಸ್ಕೋನಿಗೆ ತಾಗಿದರೆ ಕರಗಿ ಜಾರುತ್ತದೆ. ಜಾಮ್ ನಡುವೆ ಇದ್ದರೆ ನಿಲ್ಲುತ್ತದೆ. ಲಾರಿಯಣ್ಣ ಡೆವನ್ ಪಕ್ಷ ಹಿಡಿದ, ನಾಲ್ಕು ದಿನ ಜಗ್ಗಾಡಿದೆವು.

ಎರಡು ದಿನ ಬಂದ ಮೇಲೂ ಮುಖ ಸಿಂಡರಿಸಿದರೆ ಬಿಟ್ಟುಬಿಡಿ. ಗಂಡಸರಲ್ಲಿ ನಿಜವಾಗಿ ಹಿಡಿಸದವರೂ ಇದ್ದಾರೆ. ಅವರನ್ನು ತಿದ್ದಲು ನೀವು ಪ್ರಯಾಣ ಹೊರಟಿಲ್ಲ. ಅನೇಕ ಹಡಗುಗಳಲ್ಲಿ ಅದೇ ಹೊತ್ತಿಗೆ, ನಾವೇ ಬಡಿಸಿಕೊಳ್ಳುವ ಉಪಾಹಾರಗೃಹದಲ್ಲೂ ಚಹಾ, ಕೇಕು ಸಿಗುತ್ತವೆ. ಅಲ್ಲಿ ಕೈಗವಸೂ ಇಲ್ಲ, ಪಿಟೀಲೂ ಇಲ್ಲ. ದಪ್ಪ ಮಗ್ ಹಿಡಿದು ಕಟಕಟೆಗೆ ಒರಗಿ ನಿಂತು ಕುಡಿಯಬಹುದು. ನೀವು ಮಾತ್ರ ಕೆಳಗಿನ ಸಭಾಂಗಣಕ್ಕೆ ಒಬ್ಬರೇ ಹೋಗಲು ಸಂಕೋಚಪಡಬೇಡಿ. ಒಂಟಿಯಾಗಿ ಬಂದವರನ್ನು ದೊಡ್ಡ ಮೇಜಿಗೆ ಸೇರಿಸುತ್ತಾರೆ. ಅರ್ಧ ಗಂಟೆಯಲ್ಲಿ ಅವರ ಮೊಮ್ಮಕ್ಕಳ ಹೆಸರು ನಿಮಗೂ ತಿಳಿದಿರುತ್ತದೆ. ಕೆಲವು ಹಡಗುಗಳಲ್ಲಿ ಜೊತೆಯಿಲ್ಲದ ಹೆಂಗಸರೊಡನೆ ನೃತ್ಯ ಮಾಡಲೆಂದೇ ಸಭ್ಯ ಗಂಡಸರನ್ನು ನೇಮಿಸಿರುತ್ತಾರೆ. ಈ ಸಂಗತಿಯನ್ನು ಯಜಮಾನರ ಕಿವಿಗೆ ಹಾಕಿದರೆ ಅವರು ಮೂರೂವರೆಗೆ ಎದ್ದು ಬರುವ ಸಾಧ್ಯತೆ ಹೆಚ್ಚು. ಹೇಳುವುದೂ ಬಿಡುವುದೂ ನಿಮ್ಮ ವಿವೇಚನೆಗೆ.

ಹಿಂದಿರುಗಿದ ಮೇಲೆ ಏನಾಯಿತೆಂದು ಬರೆಯಿರಿ, ಪ್ರಕಟಿಸುತ್ತೇವೆ. ಸ್ಕೋನ್ ಎಷ್ಟು ತಿಂದರೆಂಬ ಲೆಕ್ಕವನ್ನು ಮಾತ್ರ ಯಜಮಾನರನ್ನು ಕೇಳಿ ಬರೆಯಬೇಡಿ, ಬಡಿಸಿದವರನ್ನು ಕೇಳಿ ಬರೆಯಿರಿ.