ಇಟ್ಟಿಗೆ ಗೋಡೆಯ ಬಿಳಿ ಪುಡಿ: ಆಸಿಡ್ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು

ನೀವು ಕೇಳಿರುವುದು ಇಷ್ಟು. ಗಿಲಾವು ಮಾಡದೆ ಬಿಟ್ಟ ಇಟ್ಟಿಗೆ ಗೋಡೆ, ಕಟ್ಟಿ ಎರಡು ವರ್ಷವಾಗಿದೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಿಳಿ ಪುಡಿ ಏಳುತ್ತಿದೆ. ತೊಳೆದರೆ ಹೋಗುತ್ತದೆ, ವಾರದೊಳಗೆ ಮತ್ತೆ ಹಾಜರಾಗುತ್ತದೆ. ಅಲ್ಲಲ್ಲಿ ಸಂದಿನ ಗಾರೆಯೂ ಉದುರುತ್ತಿದೆ. ಆಸಿಡ್ ಹಾಕಿ ತೊಳೆದು, ಸಂದಿಗೆ ಗಟ್ಟಿ ಸಿಮೆಂಟ್ ತುಂಬಿ, ಮೇಲೆ ವಾರ್ನಿಷ್ ಬಳಿದುಬಿಡಲೇ?

ಬೇಡ. ಈ ಮೂರನ್ನೂ ಇದೇ ಕ್ರಮದಲ್ಲಿ ನನ್ನದೇ ಗೋಡೆಗೆ ಮಾಡಿ ಕೈಸುಟ್ಟುಕೊಂಡವನು ನಾನು. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಅದು ನಿಜಕ್ಕೂ ಉಪ್ಪೇ ಎಂದು ನೋಡಿಕೊಳ್ಳಿ. ಪುಡಿಯ ಮೇಲೆ ಒಂದು ಹನಿ ನೀರು ಬಿಡಿ. ಕರಗಿ ಮಾಯವಾದರೆ ಉಪ್ಪು. ಹಾಗೆಯೇ ಉಳಿದರೆ ಕಟ್ಟುವಾಗ ಮೆತ್ತಿಕೊಂಡ ಸಿಮೆಂಟ್ ಇರಬಹುದು, ಬೂಷ್ಟೂ ಇರಬಹುದು. ನೀವು ಹೇಳುವ ಲಕ್ಷಣ ನೋಡಿದರೆ ಉಪ್ಪೇ. ಇಟ್ಟಿಗೆಯ ಮಣ್ಣಿನಲ್ಲಿ, ಸಿಮೆಂಟಿನಲ್ಲಿ, ಮರಳಿನಲ್ಲಿ, ನೆಲದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಲವಣಗಳು ಸ್ವಲ್ಪವಾದರೂ ಇದ್ದೇ ಇರುತ್ತವೆ. ಗೋಡೆಯೊಳಗೆ ಇಳಿದ ನೀರು ಅವನ್ನು ಕರಗಿಸಿಕೊಂಡು ಹೊರಮೈಗೆ ಬರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ. ನೀವು ನೀರು ಹಾಕಿ ತೊಳೆದಾಗ ಆ ಉಪ್ಪನ್ನು ಕರಗಿಸಿ ವಾಪಸು ಗೋಡೆಗೇ ಕುಡಿಸುತ್ತೀರಿ. ಅದಕ್ಕೇ ವಾರದಲ್ಲಿ ಮರಳಿ ಬರುವುದು.

ಹೊಸ ಗೋಡೆ ಮೊದಲ ಬೇಸಿಗೆಯಲ್ಲಿ ಒಂದಿಷ್ಟು ಉಪ್ಪು ಬಿಡುವುದು ಸಹಜ, ಕಟ್ಟುವಾಗಿನ ನೀರು ಆರುತ್ತಿರುತ್ತದೆ. ಎರಡು ವರ್ಷವಾದ ಮೇಲೂ, ಅದೂ ಕೆಳಭಾಗದಲ್ಲಿ ಮಾತ್ರ ಬರುತ್ತಿದೆ ಎಂದರೆ ನೀರು ಈಗಲೂ ನೆಲದಿಂದ ಏರುತ್ತಿದೆ. ಗೋಡೆಯ ಬುಡಕ್ಕೆ ಹೋಗಿ ಕುಳಿತು ನೋಡಿ. ಮೇಸ್ತ್ರಿಗಳು ಡಿಪಿಸಿ ಎನ್ನುವ ತೇವತಡೆ ಪದರ ಹೊರಗಿನ ನೆಲಮಟ್ಟಕ್ಕಿಂತ ಕನಿಷ್ಠ 150 ಮಿಲಿಮೀಟರ್ ಮೇಲಿರಬೇಕು. ಎಷ್ಟೋ ಕಡೆ ಅದು ಸರಿಯಾಗಿಯೇ ಇರುತ್ತದೆ. ಆಮೇಲೆ ಯಾರೋ ಗಿಡ ನೆಡಲೆಂದು ಗೋಡೆಗೆ ಒತ್ತಿ ಮಣ್ಣು ಏರಿಸಿರುತ್ತಾರೆ, ತೇವ ಆ ಮಣ್ಣಿನಿಂದ ಪದರವನ್ನು ದಾಟಿ ಮೇಲಕ್ಕೆ ಹೋಗುತ್ತದೆ. ಸೋರುವ ನಲ್ಲಿ, ಚಾವಣಿಯ ನೀರು ನೆಲಕ್ಕೆ ಬಿದ್ದು ಗೋಡೆಗೆ ಸಿಡಿಯುವ ಜಾಗ, ಗೋಡೆಯ ಕಡೆಗೇ ಇಳಿಜಾರಾದ ಅಂಗಳ ಇವನ್ನೂ ನೋಡಿ.

ನನ್ನ ಗೋಡೆಯ ಬುಡದಲ್ಲಿದ್ದುದು ಹೂವಿನ ಪಾತಿ. ಏರಿಸಿದವನು ನಾನೇ. ಪುಡಿ ಕಂಡಾಗ ಪಾತಿಯ ಮೇಲೆ ಅನುಮಾನ ಬರಲಿಲ್ಲ, ಅಂಗಡಿಯಿಂದ ಆಸಿಡ್ ಬಂತು. ಉದುರಿದ ಸಂದುಗಳಿಗೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಟ್ಟಿ ಗಾರೆ ತುಂಬಿದೆ. ಮೇಲೆ ಎರಡು ಕೋಟ್ ಹೊಳೆಯುವ ವಾರ್ನಿಷ್. ಒಂದು ವರ್ಷ ಗೋಡೆ ಫೋಟೋ ತೆಗೆಯುವ ಹಾಗಿತ್ತು. ಎರಡನೆಯ ವರ್ಷ ಇಟ್ಟಿಗೆಯ ಮುಖ ಮರದ ತೊಗಟೆಯಂತೆ ಏಳತೊಡಗಿತು. ನಾಣ್ಯದಷ್ಟು ದಪ್ಪದ ಒಂದು ಚಕ್ಕೆಯನ್ನು ಉಗುರಿನಿಂದ ಎಬ್ಬಿಸಿ ತಿರುಗಿಸಿದೆ. ಹಿಂಬದಿಯಲ್ಲಿ ಹತ್ತಿಯ ಎಳೆಗಳಂತೆ ಉಪ್ಪು. ಹೊರಬರಲು ದಾರಿಯಿಲ್ಲದ ಉಪ್ಪು ಒಳಗೇ ಹರಳುಗಟ್ಟಿ ಬೆಳೆದು ಇಟ್ಟಿಗೆಯ ಚರ್ಮವನ್ನು ತಳ್ಳಿತ್ತು. ಸಿಮೆಂಟ್ ಸಂದುಗಳು ಮಾತ್ರ ಚೂರೂ ಅಲುಗದೆ ನಿಂತಿದ್ದವು, ನಡುವೆ ಇಟ್ಟಿಗೆಗಳು ಗುಳಿಬಿದ್ದು ಇಡೀ ಗೋಡೆ ಜೇನುಗೂಡಿನಂತೆ ಕಾಣುತ್ತಿತ್ತು. ಇಟ್ಟಿಗೆಗಿಂತ ಗಾರೆ ಗಟ್ಟಿಯಾಗಿರಬಾರದು ಎಂದು ಹಿರಿಯ ಮೇಸ್ತ್ರಿಯೊಬ್ಬರು ಮೊದಲೇ ಹೇಳಿದ್ದರು, ನಾನು ಕೇಳಿರಲಿಲ್ಲ. ತೇವ ಆರುವುದೂ ಸವೆಯುವುದೂ ಸಂದಿನಲ್ಲಿ ಆಗಬೇಕು. ಸಂದನ್ನು ಮತ್ತೆ ತುಂಬಬಹುದು, ಇಟ್ಟಿಗೆಯ ಮುಖವನ್ನು ಮತ್ತೆ ಹಚ್ಚಲಾಗುವುದಿಲ್ಲ.

ಹಾಗಾಗಿ ನೀರಿನ ದಾರಿಯನ್ನು ಮೊದಲು ಮುಚ್ಚಿ. ಗೋಡೆಯನ್ನು ಕೆಲವು ವಾರ ಒಣಗಲು ಬಿಡಿ. ಆಮೇಲೆ ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಉದುರಿದ್ದನ್ನು ಗುಡಿಸಿ ದೂರ ಹಾಕಿ. ಬುಡದಲ್ಲೇ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಒಳಗೆ ಹೋಗುತ್ತದೆ. ನೈಲಾನ್ ಅಥವಾ ನಾರಿನ ಬ್ರಷ್ ಸಾಕು. ಕಬ್ಬಿಣದ ತಂತಿಯ ಬ್ರಷ್ ಬೇಡ, ಅದರ ಚೂರುಗಳು ಸಿಕ್ಕಿಕೊಂಡು ತುಕ್ಕಿನ ಕಲೆಯಾಗುತ್ತವೆ. ಒತ್ತಡದ ನೀರಿನ ಯಂತ್ರವನ್ನು ಈ ಗೋಡೆಯ ಹತ್ತಿರ ತರಲೇಬೇಡಿ.

ಆಸಿಡ್ ಬೇಕಾಗುವುದು ಮೆತ್ತಿಕೊಂಡ ಸಿಮೆಂಟ್ ತೆಗೆಯಲು. ಆಗಲೂ ಒಂದು ಪಾಲು ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹತ್ತು ಪಾಲಿಗಿಂತ ಕಡಿಮೆ ನೀರು ಬೇಡ. ನೀರಿಗೆ ಆಸಿಡ್ ಸುರಿಯಬೇಕು, ಎಂದಿಗೂ ಆಸಿಡ್‌ಗೆ ನೀರಲ್ಲ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಮೊದಲು ಗೋಡೆಯನ್ನು ನೀರಿನಿಂದ ನೆನೆಸಿ, ಇಲ್ಲದಿದ್ದರೆ ಒಣ ಇಟ್ಟಿಗೆ ಆಸಿಡ್ಡನ್ನೇ ಹೀರಿಕೊಳ್ಳುತ್ತದೆ. ಮೂಲೆಯಲ್ಲೊಂದು ಅಂಗೈ ಅಗಲ ಪ್ರಯೋಗ ಮಾಡಿ, ಕೊನೆಗೆ ಚೆನ್ನಾಗಿ ತೊಳೆಯಿರಿ. ತಿಳಿಬಣ್ಣದ ಇಟ್ಟಿಗೆಯ ಮೇಲೆ ಹಸಿರು ಹಳದಿ ಕಲೆಯಿದ್ದರೆ ಅದು ವೆನೇಡಿಯಂ ಲವಣ. ಅದಕ್ಕೆ ಈ ಆಸಿಡ್ ತಾಗಿದರೆ ಕಂದು ಬಣ್ಣಕ್ಕೆ ತಿರುಗಿ ಕೂರುತ್ತದೆ.

ಇನ್ನು ಸಂದು. ಉದುರುತ್ತಿರುವ ಗಾರೆಯನ್ನು ಕಿರಿದಾದ ಉಳಿ, ಸುತ್ತಿಗೆಯಿಂದ ಕೆರೆದು ತೆಗೆಯಿರಿ. ಸಂದಿನ ಅಗಲದ ಎರಡರಷ್ಟಾದರೂ ಆಳ ಬೇಕು. ಹತ್ತು ಮಿಲಿಮೀಟರ್ ಸಂದಾದರೆ 20ರಿಂದ 25 ಮಿಲಿಮೀಟರ್. ಮೇಲುಮೇಲೆ ಸವರಿದ್ದು ನಿಲ್ಲುವುದಿಲ್ಲ. ಕತ್ತರಿಸುವ ಯಂತ್ರ ಹಿಡಿದವರನ್ನು ಲಂಬ ಸಂದುಗಳ ಹತ್ತಿರ ಬಿಡಬೇಡಿ, ಚಕ್ರ ಮೇಲಿನ ಇಟ್ಟಿಗೆಯನ್ನೂ ಕೆಳಗಿನ ಇಟ್ಟಿಗೆಯನ್ನೂ ಸೀಳಿಯೇ ನಿಲ್ಲುತ್ತದೆ. ದೂಳು ತೆಗೆದು, ಸಂದನ್ನು ಹದವಾಗಿ ತೇವ ಮಾಡಿ. ನಿಮ್ಮಂತಹ ಗೋಡೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ತೊಳೆದ ಮರಳು ಸಾಕು. ಸುಣ್ಣದ ಗಾರೆಯಲ್ಲೇ ಕಟ್ಟಿದ ಹಳೆಯ ಗೋಡೆಯಾಗಿದ್ದರೆ ಸಿಮೆಂಟ್ ಮುಟ್ಟಲೇಬೇಡಿ ಎನ್ನುತ್ತಿದ್ದೆ. ಕಲಸಿದ ಗಾರೆ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ಅಂಟಬಾರದು. ತೆಳುವಾದ ಪದರಗಳಲ್ಲಿ ಒತ್ತಿ ತುಂಬಿ. ಹೆಬ್ಬೆರಳು ಒತ್ತಿದಾಗ ಅಚ್ಚು ಮೂಡಿ, ಬೆರಳಿಗೆ ಮಾತ್ರ ಏನೂ ಹತ್ತದ ಹೊತ್ತಿಗೆ ಒಂದು ದುಂಡು ಸರಳಿನಿಂದ ತೀಡಿ. ಹಾಗೆ ಒಳಬಾಗಿದ ಸಂದಿನಲ್ಲಿ ನೀರು ನಿಲ್ಲುವುದಿಲ್ಲ. ಮೂರು ನಾಲ್ಕು ದಿನ ಒದ್ದೆ ಗೋಣಿ ಇಳಿಬಿಡಿ, ಪೈಪು ಹಿಡಿದು ಗೋಡೆಯನ್ನು ಸ್ನಾನ ಮಾಡಿಸಬೇಡಿ.

ಎರಡೇ ವರ್ಷಕ್ಕೆ ಗಾರೆ ಉದುರುತ್ತಿರುವುದಕ್ಕೆ ಉಪ್ಪಿನ ಜೊತೆ ಇನ್ನೊಂದು ಕಾರಣವೂ ಇರಬಹುದು. ಇಟ್ಟಿಗೆಯನ್ನು ನೆನೆಸದೆ ಕಟ್ಟಿದರೆ ಅದು ಗಾರೆಯ ನೀರನ್ನೆಲ್ಲ ಹೀರಿ, ಸಿಮೆಂಟ್ ಬಲಿಯುವ ಮೊದಲೇ ಗಾರೆ ಒಣಮರಳಾಗುತ್ತದೆ. ಉಗುರಿಗೇ ಪುಡಿಯಾಗುತ್ತಿದೆಯೇ ನೋಡಿ. ಮುಂದೆಂದಾದರೂ ಕಟ್ಟಿಸಿದರೆ ಇಟ್ಟಿಗೆಯನ್ನು ಗುಳ್ಳೆ ಬರುವುದು ನಿಲ್ಲುವವರೆಗೆ ನೀರಿನಲ್ಲಿಡಿಸಿ, ಮೈನೀರು ಆರಿದ ಮೇಲೆ ಕಟ್ಟಿಸಿ. ಲಂಬ ಸಂದುಗಳು ಆಳದವರೆಗೂ ತುಂಬಿವೆಯೇ ಎಂದು ಪಕ್ಕದಲ್ಲಿ ನಿಂತು ನೋಡಿ. ಇಟ್ಟಿಗೆಯ ತುದಿಗೆ ಒಂದಿಷ್ಟು ಸವರಿ ಮುಗಿಸುವ ಕೈಗಳು ಬಹಳ.

ವಾರ್ನಿಷ್ ಬೇಡವೇ ಬೇಡ. ಮಳೆ ಬಡಿಯುವ ಗೋಡೆಗೆ ಏನಾದರೂ ಹಚ್ಚಲೇಬೇಕೆಂದಿದ್ದರೆ ಪೊರೆ ಕಟ್ಟದೆ ಒಳಗಿಳಿದು ನೀರು ತಡೆಯುವ, ಸಿಲೇನ್-ಸಿಲೋಕ್ಸೇನ್ ಬಗೆಯ ದ್ರವವನ್ನು ಅಂಗಡಿಯಲ್ಲಿ ಕೇಳಿ. ಅದಕ್ಕೂ ಮೊದಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಪುಡಿ ಏಳುವ ಜಾಗಕ್ಕೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆಯಿರಿ. ಗೋಡೆಯ ಕಡೆಯ ಮೈಯಲ್ಲಿ ನೀರಹನಿ ಇದ್ದರೆ ಡಬ್ಬಿ ಮುಚ್ಚಿಟ್ಟು ಮತ್ತೆ ಗೋಡೆಯ ಬುಡಕ್ಕೆ ಹೋಗಿ ಕುಳಿತುಕೊಳ್ಳಿ.